ಸತ್ಯದ ಪುಸ್ತಕ

ಅಸ್ಗರ್ ಆಡಿದ್ದು ಒಂದೇ ಒಂದು ಮಾತು. ಅದೂ ಸ್ವಂತ ಮನೆಯಲ್ಲಿ, ಚಿತ್ರಾನ್ನದ ತಟ್ಟೆ ಮುಂದೆ ಕೂತು.

ಹೆಂಡತಿ ಜಬೀನ್‌ಳ ತಂಗಿಯ ಮದುವೆ ಚಿಂತಾಮಣಿಯಲ್ಲಿ. ರಜೆ ಕೇಳಿದರೆ ಗಾರ್ಮೆಂಟ್ಸ್ ಮಾಲೀಕ ಮೋಹನ್‌ಬಾಬು, "ಫ್ಯಾಕ್ಟ್ರಿನೇ ನಿನ್ನ ಮನೆ ಅಂದ್ಮೇಲೆ ಇನ್ಯಾವ ಮನೆ ಮದುವೆನಯ್ಯ?" ಅಂದಿದ್ದ.

"ಆ ಸಾಹೇಬನ ತಲೆ ಮೇಲೂ ಏನಿಲ್ಲ, ಒಳಗೂ ಏನಿಲ್ಲ," ಅಂದ ಅಸ್ಗರ್.

ಎದುರಿಗಿದ್ದ ಒಂಬತ್ತು ವರ್ಷದ ಮಗಳು ಇಫ್ರಾ ಕೈ ತೊಳೆದು ಬಂದು, ನೋಟ್‌ಬುಕ್ ತೆಗೆದು ಬರೆಯತೊಡಗಿದಳು.

"ಏನಮ್ಮ ಅದು?"

"ಸತ್ಯದ ಪುಸ್ತಕ ಅಬ್ಬಾ. ಮನೇಲಿ ದೊಡ್ಡೋರು ಸಾಹೇಬ್ರ ಬಗ್ಗೆ ಏನಂತಾರೋ ಬರ್ಕೊಂಡ್ ಹೋಗ್ಬೇಕು. ಇವತ್ತೇ ಶಿಬಿರದಲ್ಲಿ ಕೊಡ್ಬೇಕು."

ಅಸ್ಗರನ ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡಿತು. ಕೆಮ್ಮಿ ಮುಗಿಸುವಷ್ಟರಲ್ಲಿ ಕಂಪನಿ ಬಸ್ಸು ಹಾರನ್ ಹೊಡೆದು, ಮಗಳೂ ಪುಸ್ತಕವೂ ಮಾಯ.

ಗೌರಿಬಿದನೂರಿನ ಆ ಫ್ಯಾಕ್ಟರಿ ಕೊಂಡ ದಿನವೇ ಮೋಹನ್‌ಬಾಬು ಯೂನಿಯನ್ ಮುಚ್ಚಿಸಿ 'ಸಂತೋಷ ಸಮಿತಿ' ತೆರೆದಿದ್ದ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಅವನೇ. ದಿನಾ ಬೆಳಗ್ಗೆ ಅವನ ಫೋಟೋ ಮುಂದೆ ಪ್ರತಿಜ್ಞೆ. ಹೋದ ತಿಂಗಳು ಪ್ರತಿಜ್ಞೆಯ ನಡುವೆ ಆಕಳಿಸಿದ ಜಗನ್‌ನ ಕೆಲಸ ಆ ಆಕಳಿಕೆ ಮುಗಿಯೋ ಮುಂಚೆ ಹೋಗಿತ್ತು. ಭಾನುವಾರ ದೊಡ್ಡವರಿಗೆ 'ಸ್ವಂತ ಇಷ್ಟದ' ದುಡಿಮೆ. ಮಕ್ಕಳಿಗೆ ಶಿಬಿರ, ಪುಕ್ಕಟೆ ಕೇಸರಿಬಾತು, ಸಾಹೇಬರನ್ನು ಹೊಗಳುವ ಹಾಡು.

ಹನ್ನೊಂದರ ಟೀ ಹೊತ್ತಿಗೆ ಮೆಕ್ಯಾನಿಕ್ ಅಸ್ಗರ್ ಫ್ಯಾನ್ ರಿಪೇರಿ ನೆಪದಲ್ಲಿ ಆಫೀಸಿಗೆ ನುಗ್ಗಿದ. ಮೇಜಿನ ಮೇಲೆ ಪುಸ್ತಕಗಳ ಗುಡ್ಡೆ. ಇಫ್ರಾಳದ್ದನ್ನು ಎಳೆದು ಅಂಗಿಯೊಳಗೆ ತುರುಕಿಕೊಂಡು ಹೊರಬಂದರೆ, ಬಾಗಿಲಲ್ಲೇ ಸೂಪರ್‌ವೈಸರ್ ಶ್ಯಾಮಲಮ್ಮ.

"ಏನಪ್ಪಾ ಅಸ್ಗರೂ, ಬೆಳಗ್ಗೆ ಈ ಹೊಟ್ಟೆ ಇರ್ಲಿಲ್ವಲ್ಲ?"

"ಗ್ಯಾಸ್ಟ್ರಿಕ್ಕು ಮೇಡಂ."

"ಅಯ್ಯೋ ದೇವುಡಾ! ಒಂಚೂರು ಹಿಂಗಿನ ನೀರು ಕುಡಿ. ಲೋ ಸುನೀಲಾ, ಇವನ್ನ ಮಲಗಿಸಿ ಹೊಟ್ಟೆ ತಿಕ್ಕೋ!"

ಹೆಲ್ಪರ್ ಸುನೀಲ್‌ಕುಮಾರ್ ತೋಳು ಮಡಿಚಿಕೊಂಡು ಬಂದ. ಅಸ್ಗರ್ ಹಿಂಗಿನ ನೀರನ್ನು ಒಂದೇ ಗುಟುಕಿಗೆ ಇಳಿಸಿ, ಹೊಟ್ಟೆ ಹಿಡಿದುಕೊಂಡು ಬಾಯ್ಲರ್ ರೂಮಿಗೆ ಓಡಿದ. ಪುಸ್ತಕ ಧಗಧಗ ಉರಿದು ಬೂದಿಯಾದಾಗ ಎದೆಯ ಮೇಲಿನ ರುಬ್ಬುಗುಂಡು ಇಳಿದಂತಾಯಿತು.

ನಾಲ್ಕು ಗಂಟೆಗೆ ಮಕ್ಕಳೂ ಸೇರಿ ಎಲ್ಲರಿಗೂ ಹಾಲ್‌ಗೆ ಕರೆ ಬಂತು. ಮೋಹನ್‌ಬಾಬುವಿನ ಮುಖ ಹಣ್ಣಾದ ಟೊಮೇಟೊ ಆಗಿತ್ತು. ಒಂದು ಪುಸ್ತಕ ತೆಗೆದು ಶ್ಯಾಮಲಮ್ಮನ ಕೈಗಿಟ್ಟ.

"ಓದಮ್ಮ, ಜೋರಾಗಿ. ನಿನ್ನ ಮೊಮ್ಮಗಂದೇ."

"ಸಾಹೇಬರ ತಲೆ ಮೇಲೂ ಏನಿಲ್ಲ..." ಶ್ಯಾಮಲಮ್ಮನ ದನಿ ಸೊಳ್ಳೆಯಷ್ಟಾಯಿತು, "...ಒಳಗೂ ಏನಿಲ್ಲ."

"ಇದೊಂದೇ ಅಲ್ಲ! ನಲವತ್ತೊಂದು ಪುಸ್ತಕದಲ್ಲೂ ಇದೇ ಮಾತು!"

ಅಸ್ಗರನಿಗೆ ಆಗ ಹೊಳೆಯಿತು. ಇಡೀ ಶಿಬಿರದಲ್ಲಿ ನೆಟ್ಟಗೆ ಬರೆಯುವವಳು ಇಫ್ರಾ ಒಬ್ಬಳೇ. ಬಸ್ಸಿನಲ್ಲಿ ಅಷ್ಟೂ ಮಕ್ಕಳು ಅವಳದ್ದನ್ನೇ ಕಾಪಿ ಹೊಡೆದಿದ್ದರು.

"ಒಬ್ಬನ ಮಗು ಮಾತ್ರ ಪುಸ್ತಕನೇ ಕೊಟ್ಟಿಲ್ಲ," ಮೋಹನ್‌ಬಾಬು ಮೈಕಿನಲ್ಲಿ ಗುಡುಗಿದ. "ಅಪ್ಪ ಕೆಟ್ಟದ್ದು ಆಡಿದ್ರೆ ತಾನೆ ಬರೆಯೋದಕ್ಕೆ? ನನ್ನ ನಂಬಿಕಸ್ಥ ಒಬ್ಬನೇ, ಅಸ್ಗರ್! ಬಾರಯ್ಯ ಮೇಲಕ್ಕೆ."

ಚಪ್ಪಾಳೆ ಬಿತ್ತು. ಕಡ್ಡಾಯದ ಚಪ್ಪಾಳೆ. ನಲವತ್ತೊಂದು ಮಕ್ಕಳ ಅಪ್ಪ ಅಮ್ಮಂದಿರು ಅವನನ್ನೇ ನುಂಗುವಂತೆ ನೋಡುತ್ತಿದ್ದರು.

"ಇವತ್ತಿಂದ ವಿಚಾರಣೆ ಅಧಿಕಾರಿ ನೀನೇ. ಈ ಮಾತನ್ನ ಮೊದಲು ಬರೆದೋರು ಯಾರು? ಈಗ್ಲೇ, ಇಲ್ಲೇ ಪತ್ತೆ ಹಚ್ಚು. ಆಡಿದವನನ್ನ ಸುಮ್ನೆ ಬಿಡಲ್ಲ!"

ಅಸ್ಗರ್ ಮೈಕು ತೆಗೆದುಕೊಂಡ. ಮಕ್ಕಳ ಸಾಲಿನ ಕಡೆ ತಿರುಗಿ, ಕಣ್ಣಲ್ಲೇ ಕೈಮುಗಿದು ಕೇಳಿದ:

"ಮಕ್ಕಳೇ... ಯಾರದ್ದನ್ನ ನೋಡಿ ಬರೆದ್ರಿ ಅಂತ ಯಾರಿಗೂ ನೆನಪಿಲ್ಲ, ಅಲ್ವಾ?"

ಮುಂದಿನ ಸಾಲಿನಲ್ಲಿ, ಶಿಬಿರದಲ್ಲಿ ಕಲಿಸಿದ ಹಾಗೇ ಬೆನ್ನು ನೆಟ್ಟಗೆ ಮಾಡಿ, ಒಂದು ಪುಟ್ಟ ಕೈ ಹೆಮ್ಮೆಯಿಂದ ಮೇಲೆದ್ದಿತು.

"ನಂಗೆ ನೆನಪಿದೆ ಅಬ್ಬಾ!"