ಗಾಡಿಮನೆಗೆ ತಕ್ಕ ಕೊಂಡಿ

ನಿವೃತ್ತಿ ಎಂಬುದು ಮನುಷ್ಯನನ್ನು ಯಾವ ದಾರಿಗೆ ಹಚ್ಚುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಶಹಾಪುರದ ಹೈಸ್ಕೂಲಿನಲ್ಲಿ ನನ್ನ ಜೊತೆಗೇ ರಿಟೈರಾದ ಗಣಿತದ ಮಾಸ್ತರರು ಮಾಳಿಗೆಯ ಮೇಲೆ ಪಾರಿವಾಳ ಸಾಕಿದರು. ಡ್ರಾಯಿಂಗ್ ಮಾಸ್ತರರು ಹೋಮಿಯೋಪತಿ ಪುಸ್ತಕ ಓದಿಕೊಂಡು ಕಂಡಕಂಡವರ ನಾಲಿಗೆಯ ಮೇಲೆ ಬಿಳಿ ಗುಳಿಗೆ ಉದುರಿಸುತ್ತಿದ್ದಾರೆ. ಇವೆರಡರಿಂದಲೂ ಯಾರಿಗೂ ಅಂಥ ಅಪಾಯವಾದದ್ದು ನಾನು ಕೇಳಿಲ್ಲ. ವಿಜ್ಞಾನದ ಮಾಸ್ತರನಾದ ನಾನು ಮಾತ್ರ ಚಕ್ರದ ಮೇಲಿನ ಮನೆಯೊಂದನ್ನು ತಂದೆ. ಕ್ಯಾರವಾನ್ ಎನ್ನುತ್ತಾರೆ. ಒಳಗೆ ಹಾಸಿಗೆ, ಪುಟ್ಟ ಒಲೆ, ನೀರಿನ ನಲ್ಲಿ, ಗೋಡೆಗೆ ಕಪಾಟು, ಎಲ್ಲ ಉಂಟು, ಎಂಜಿನ್ ಒಂದಿಲ್ಲ. ನನ್ನ ಹಳೆಯ ಜೀಪಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು. ಹೈದರಾಬಾದಿನವರೊಬ್ಬರು ಎರಡೇ ಸಲ ಬಳಸಿ ಮಾರಿದ್ದು. ಯಾಕೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ. ಪ್ರಶ್ನೆಗಳನ್ನು ಮಕ್ಕಳಿಗೆ ಮಾತ್ರ ಕೇಳುವುದು ನಮ್ಮ ವೃತ್ತಿಯ ಗುಣ.

ಅದು ನಮ್ಮ ಓಣಿಗೆ ಬಂದ ದಿನ ಎದುರು ಮನೆಯವರು "ಸರ, ಐಸ್‌ಕ್ರೀಮ್ ಅಂಗಡಿ ಹಾಕ್ತೀರೇನ್ರಿ?" ಎಂದು ಕೇಳಿದರು. ಮೂಲೆ ಮನೆಯ ಅಜ್ಜಿ ಹಣೆಗೆ ಕೈ ಹಚ್ಚಿ ನೋಡಿ, "ಮತ್ತ ಎಲೆಕ್ಷನ್ ಬಂತೇನಪಾ?" ಎಂದಿತು. ನನ್ನ ಹೆಂಡತಿ ಮಹಾದೇವಿ ಒಳಗೆ ಹತ್ತಿ, ಒಲೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಮನಿ ಬಿಟ್ಟು ಹೋಗಾಕ ಮತ್ತೊಂದು ಮನಿ ತರೋದು ಯಾವ ಶಾಣ್ಯಾತನ್ರಿ?" ಎಂದಳು. ಆದರೆ ಸಂಜೆಗೆ ಹೋಗಿ ನೋಡಿದರೆ ಆ ಹಾಸಿಗೆಯ ಮೇಲೆ ಅವಳೇ ಹೊಲಿದ ಕೌದಿ ಬಿದ್ದಿತ್ತು. ನಾನು ಗೆದ್ದೆ ಎಂದುಕೊಂಡೆ.

ಈ ಹುಚ್ಚಿನಲ್ಲಿ ನನಗೊಬ್ಬ ಪಾಲುದಾರನಿದ್ದ, ಖಾಸಿಂ. ಸುರಪುರದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಏಳನೇ ಇಯತ್ತೆಯಲ್ಲಿ ಅವನ ಅಪ್ಪ ತೀರಿಕೊಂಡಾಗ ಅವನು ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ಸೇರಿದ. ನಾನು ಓದುತ್ತಾ ಹೋದೆ. ಈಗ ರಂಗಂಪೇಟೆಯಲ್ಲಿ ಅವನದೇ ಶೆಡ್ಡು. ಸುತ್ತಲ ಹಳ್ಳಿಗಳ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಅರ್ಧದಷ್ಟು ಅವನ ಕೈಯಲ್ಲಿ ಹುಟ್ಟಿದವು. ಊರಿಗೆಲ್ಲ ನಾನು 'ಸರ', ಅವನೊಬ್ಬನಿಗೆ 'ಲೇ ಚಂದ್ಯಾ'. ಒಮ್ಮೆ ಶಾಲೆಗೆ ದೊಡ್ಡ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದಿದ್ದರು. ಗೇಟು ರಿಪೇರಿಗೆ ಬಂದಿದ್ದ ಖಾಸಿಂ ಅವರೆದುರಿಗೇ "ಲೇ ಚಂದ್ಯಾ, ಆ ಸುತ್ತಿಗಿ ಕೊಡೋ ಇಲ್ಲಿ" ಎಂದ. ಕೊಟ್ಟೆ. ಸಾಹೇಬರು ನನ್ನನ್ನು ಅಟೆಂಡರ್ ಎಂದುಕೊಂಡು ಮುಂದೆ ಹೋದರು. ಅವನ ಹೆಂಡತಿ ರಶೀದಾ, ನನ್ನ ಮಹಾದೇವಿ, ನಾವಿಬ್ಬರು, ನಾಲ್ಕೂ ಜನ ಸಮುದ್ರ ಕಂಡವರಲ್ಲ. ನನ್ನ ರಿಟೈರ್‌ಮೆಂಟ್ ಆದ ಮೇಲೆ ಕಾರವಾರಕ್ಕೆ ಹೋಗುವುದು ಎಂದು ಎಷ್ಟೋ ವರ್ಷದಿಂದ ಮಾತಾಗಿತ್ತು.

ತೊಡಕು ಬಂದದ್ದು ಕೊಂಡಿಯಲ್ಲಿ. ಕ್ಯಾರವಾನಿನ ಮೂತಿಯನ್ನು ಜೀಪಿನ ಹಿಂದೆ ಸಿಕ್ಕಿಸಿದ ಕೂಡಲೇ ಜೀಪು ಕುಂಡೆಯೂರಿ ಕುಳಿತ ನಾಯಿಯ ಹಾಗೆ ಹಿಂದೆ ಕುಸಿದು ಮುಂದೆ ಮುಖ ಎತ್ತಿತು. ಖಾಸಿಂ ಸುತ್ತು ಹಾಕಿ ನೋಡಿದ. "ಲೇ ಚಂದ್ಯಾ, ಮುಂದಿನ ಗಾಲಿ ಮ್ಯಾಲ ಭಾರಾನ ಇಲ್ಲ ನೋಡು. ಸ್ಟೇರಿಂಗ್ ತಿರುವಿದ್ರ ಗಾಡಿ ನಿನ್ನ ಮಾತು ಕೇಳಂಗಿಲ್ಲ." ಮಹಾದೇವಿ, "ಮನ್ಯಾಗೂ ಯಾರೂ ಕೇಳಂಗಿಲ್ಲ, ರೂಢಿ ಅದ ಬಿಡ್ರಿ ಭಾಯಿ" ಎಂದಳು. ಇದಕ್ಕೆ ಮದ್ದು ಭಾರ ಹಂಚುವ ಕೊಂಡಿ. ಸಾಮಾನ್ಯ ಕೊಂಡಿ ಬರೀ ಎಳೆಯುತ್ತದೆ. ಇದಕ್ಕೆ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಉಕ್ಕಿನ ಸಲಾಕೆ ಇದ್ದು, ಅವು ಕ್ಯಾರವಾನಿನ ಮೂತಿಯ ಕೆಳಗೆ ಹಾಯ್ದು ಸರಪಳಿಯಿಂದ ಬಿಗಿಯಾಗುತ್ತವೆ. ಮೂತಿ ಜೀಪಿನ ಬೆನ್ನ ಮೇಲೆ ಹೇರುವ ಭಾರದಲ್ಲಿ ಒಂದು ಪಾಲನ್ನು ಅವು ಮುಂದಿನ ಗಾಲಿಗಳಿಗೆ ದಾಟಿಸುತ್ತವೆ. ಎಂಟನೇ ಇಯತ್ತೆಯ ಸನ್ನೆಗೋಲಿನ ಪಾಠ, ಮತ್ತೇನಿಲ್ಲ. ಆದರೆ ಸಲಾಕೆಗಳಲ್ಲಿ ಹಗುರದ್ದು, ನಡುವಿನದು, ಭಾರಿಯದು ಎಂದು ಮೂರು ಬಗೆ. ಮೂತಿಯ ಭಾರಕ್ಕಿಂತ ಸಲಾಕೆ ಬಡವಾದರೆ ಬಾಗಿ ನಿರುಪಯೋಗಿ. ತೀರ ಗಡಸಾದರೆ ತೆಗ್ಗು ಬಂದಾಗಲೆಲ್ಲ ಮನೆಯ ಅಡಿಪಟ್ಟಿಯನ್ನೇ ಕುಕ್ಕಿ ಸೀಳುತ್ತದೆ. ಆದ್ದರಿಂದ ಮೂತಿಯ ಭಾರ ಸರಿಯಾಗಿ ಗೊತ್ತಿರಬೇಕು.

"ಮೊದಲ ಮನಿ ತುಂಬು," ಎಂದ ಖಾಸಿಂ. "ವೈನಿ ಏನೇನ್ ಒಯ್ತಾರ ಎಲ್ಲಾ ಇಡು. ನೀರಿನ ಟಾಕಿ ತುಂಬು, ಸಿಲಿಂಡರ್ ಇಡು. ಆಮ್ಯಾಲ ಮೂತಿ ತೂಗು. ಆಮ್ಯಾಲ ಹುಕ್ಕು ತರಸೂಣು."

ಇಷ್ಟು ಸರಳ ಮಾತನ್ನು ನಾನು ಕೇಳಬಹುದಿತ್ತು. ಆದರೆ ಮಹಾದೇವಿ ಗಂಟು ಕಟ್ಟಲು ಎಂಟು ದಿನ ಬೇಕು, ನನಗೆ ಎಂಟು ದಿನ ತಡೆಯುವುದಾಗಲಿಲ್ಲ. ಅಡತಿ ಅಂಗಡಿಯಿಂದ ತೊಗರಿ ತೂಗುವ ಕಾಟಾ ತರಿಸಿ ಖಾಲಿ ಮನೆಯ ಮೂತಿಯನ್ನೇ ತೂಗಿದೆ. ಸಾಮಾನಿಗೆಂದು ಅಂದಾಜಿನ ಮೇಲೆ ಒಂದಿಷ್ಟು ಸೇರಿಸಿದೆ. ಆ ಅಂದಾಜು ಮಾಡಿದ್ದು ನನ್ನ ಎರಡು ಅಂಗಿ, ಒಂದು ಲುಂಗಿ, ಒಂದು ಪುಸ್ತಕವನ್ನು ಕಣ್ಣ ಮುಂದಿಟ್ಟುಕೊಂಡು. ಲೆಕ್ಕ ಹಗುರ ಸಲಾಕೆಗೆ ಬಂತು. ಅಂಗಡಿಗೆ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳು, "ಇದು ತುಂಬಿದ ಗಾಡಿಯ ತೂಕಾನಾ ಸರ್?" ಎಂದು ವಿನಯದಿಂದ ಕೇಳಿದಳು. "ನಾನು ಸೈನ್ಸ್ ಟೀಚರಮ್ಮ" ಎಂದು ಅಷ್ಟೇ ವಿನಯದಿಂದ ಉತ್ತರಿಸಿದೆ. ಅವಳು ಹಗುರ ಸಲಾಕೆಯನ್ನೇ ಕಳಿಸಿಕೊಟ್ಟಳು.

ಪಾರ್ಸೆಲ್ಲನ್ನು ಖಾಸಿಮನ ಶೆಡ್ಡಿನಲ್ಲೇ ಬಿಚ್ಚಿದೆವು. ಟ್ರೇಲರ್ ರಿಪೇರಿಗೆಂದು ಬಂದ ಇಬ್ಬರು ಒಕ್ಕಲಿಗರು ಬಾಗಿಲ ಹತ್ತಿರ ಕುಳಿತಿದ್ದರು. ಖಾಸಿಂ ಸಲಾಕೆಯನ್ನು ಅಂಗೈ ಮೇಲೆ ಹಿಡಿದು ಕೊಂಚ ಎತ್ತೆತ್ತಿ ನೋಡಿದ.

"ಇದು ಸಣ್ಣದಾತಲ್ಲೋ. ತುಂಬಿ ತೂಗೀಯೇನು?"

"ಲೆಕ್ಕ ಹಾಕೀನಿ."

"ಲೆಕ್ಕ ಹಾಕೋದು ಬ್ಯಾರೆ, ತೂಗೋದು ಬ್ಯಾರೆ ಚಂದ್ಯಾ."

ಒಕ್ಕಲಿಗರು ನಕ್ಕರು. ಕೆಟ್ಟ ನಗುವೇನಲ್ಲ, ಬಿಸಿಲಲ್ಲಿ ಕುಳಿತವರು ಹೊತ್ತು ಹೋಗಲೆಂದು ನಗುವ ನಗು. ಆದರೆ ಬದುಕೆಲ್ಲ ಕಪ್ಪು ಹಲಗೆಯ ಮುಂದೆ ನಿಂತವನಿಗೆ ಹಿಂದಿನ ಬೆಂಚಿನ ನಗು ಸಹಿಸುವ ಶಕ್ತಿ ಇರುವುದಿಲ್ಲ. "ಏಳನೇತ್ತ್ಯಾಗ ಸಾಲಿ ಬಿಟ್ಟಾಂವ ನಂಗ ಸನ್ನೆಗೋಲು ಕಲಸ್ತಿಯೇನೋ? ನಿನ್ನ ಕೆಲಸ ಬೆಸುಗಿ ಹಚ್ಚೋದು. ಅದಷ್ಟು ಮಾಡು, ಸಾಕು" ಎಂದೆ. ಅವನು ಶಾಲೆಯನ್ನು ಬೇಸರಕ್ಕೆ ಬಿಟ್ಟವನಲ್ಲ. ಅವನು ಬಿಟ್ಟ ದಿನ ಅವನು ಬರೆಯುವ ಪಾಟಿಯನ್ನು ಎತ್ತಿಟ್ಟುಕೊಂಡವನು ನಾನು. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ನೆನಪಾಯಿತು.

ಖಾಸಿಂ ಕಪ್ಪು ಕನ್ನಡಕ ಇಳಿಸಿಕೊಂಡು ಕೊಂಡಿ ಕೂಡಿಸಿದ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಕಂಡಿಲ್ಲ. ಕೈ ತೊಳೆದುಕೊಳ್ಳುತ್ತ, "ಆತ್ರಿ ಸರ. ನೋಡ್ಕೊಂಡು ಹೋಗ್ರಿ" ಎಂದ. ಒಕ್ಕಲಿಗರ ಮುಂದೆ ಮರ್ಯಾದೆ ಕೊಟ್ಟನಲ್ಲ ಎಂದು ನನಗೆ ಒಂದು ಗಳಿಗೆ ಖುಷಿಯೂ ಆಯಿತು. ನನ್ನ ಬುದ್ಧಿಯ ಮಟ್ಟ ಇದು.

ಹೊರಡುವ ದಿನ ಹತ್ತಿರ ಬಂತು. ಮಹಾದೇವಿ ತುಂಬತೊಡಗಿದಳು. ಜೋಳದ ಹಿಟ್ಟಿನ ಡಬ್ಬಿ, ಕಟಿ ರೊಟ್ಟಿಯ ಅಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಭರಣಿ, ಕಬ್ಬಿಣದ ಹಂಚು, ಕೊನೆಗೆ ಖಾರ ಅರೆಯುವ ಕಲ್ಲು. "ಕಲ್ಲು ಯಾಕ?" ಎಂದೆ. "ಸಮುದ್ರದ ದಂಡ್ಯಾಗ ಖಾರ ಅರಿಯಾಕ ಯಾರ ಮನಿ ಬಾಗಿಲಾ ಬಡೀಲಿ? ರಶೀದಾಗ ಮಿಕ್ಸಿ ಖಾರ ಸೇರಂಗಿಲ್ಲ" ಎಂದಳು. ಕಪಾಟುಗಳಿದ್ದದ್ದು ಮನೆಯ ಮುಂಭಾಗದಲ್ಲಿ, ನೀರಿನ ಟಾಕಿಯೂ ಅಲ್ಲೇ. ಮೂತಿ ನೆಲಕ್ಕೆ ಬಾಗಿತು. ಕಾಟಾ ಇಟ್ಟು ನೋಡಿದರೆ ಸಲಾಕೆ ತಡೆಯುವ ಭಾರವನ್ನು ಮುಳ್ಳು ಎಲ್ಲೋ ದಾಟಿತ್ತು.

ಆಗ ಮರ್ಯಾದಸ್ಥನೊಬ್ಬ ಏನು ಮಾಡುತ್ತಿದ್ದ? ಬೇರೆ ಸಲಾಕೆ ತರಿಸುತ್ತಿದ್ದ. ಆದರೆ ಅದನ್ನು ಕೂಡಿಸಲು ಮತ್ತೆ ಆ ಶೆಡ್ಡಿಗೇ ಹೋಗಬೇಕಲ್ಲ. ನನಗೆ ಮಿಂಚು ಹೊಳೆಯಿತು. ಗಾಲಿಗಳ ಆಚೆ, ಹಿಂದಿನ ತುದಿಗೆ ಭಾರ ಸರಿಸಿದರೆ ಮೂತಿ ತಾನೇ ಮೇಲೇಳುತ್ತದೆ! ಹಿಟ್ಟು, ಭರಣಿ, ಕಲ್ಲು, ಎಲ್ಲ ಹೊತ್ತು ಹಿಂದೆ ಪೇರಿಸಿದೆ. ಮುಳ್ಳು ಸಲಾಕೆಯ ಅಳತೆಗೆ ಬಂದು ನಿಂತಿತು. ಗಾಡಿಗೆ ತಕ್ಕ ಕೊಂಡಿ ತರುವ ಬದಲು ಕೊಂಡಿಗೆ ತಕ್ಕ ಹಾಗೆ ಗಾಡಿಯನ್ನು ತಿದ್ದಿದ್ದೆ.

ಮಹಾದೇವಿ ಸಗರದ ಒಕ್ಕಲುತನದ ಮನೆಯಲ್ಲಿ ಬೆಳೆದವಳು. ನಿಂತು ನೋಡಿದಳು. "ಬಂಡಿ ಹಿಂಭಾರ ಆತಲ್ರಿ. ನಮ್ಮಪ್ಪ ಹೊಟ್ಟಿನ ಚೀಲ ಸೈತ ಹಿಂದ ಹೇರ್ತಿದ್ದಿಲ್ಲ."

"ಇದು ಎತ್ತಿನ ಬಂಡಿ ಅಲ್ಲ."

"ಭಾರಕ್ಕ ಏನ್ ಗೊತ್ತಾಗತದ್ರಿ ಎತ್ತೋ ಜೀಪೋ ಅಂತ? ಖಾಸಿಂ ಭಾಯಿಗ ಒಂದು ಫೋನ್ ಹಚ್ಚರಿ."

ಫೋನ್ ಕೈಗೆ ತೆಗೆದುಕೊಂಡೆ. ಅವನ ಹೆಸರಿನ ತನಕ ಬೆರಳು ಹೋಯಿತು. ಮತ್ತೆ ಕಿಸೆಗೆ ಹಾಕಿದೆ. ಆಮೇಲೆ ನಡೆದದ್ದಕ್ಕೆಲ್ಲ ಆ ಒಂದು ಗಳಿಗೆಯೇ ಕಾರಣ ಎಂದು ನನಗೆ ಅನಿಸುತ್ತಲೇ ಇರುತ್ತದೆ.

ಮರುದಿನ ಬೆಳಿಗ್ಗೆ ಹೊರಟೆವು. ರಂಗಂಪೇಟೆಯಲ್ಲಿ ಖಾಸಿಂ, ರಶೀದಾ ಇಬ್ಬರನ್ನೂ ಹತ್ತಿಸಿಕೊಂಡು ಮುಂದೆ ಹೋಗುವುದಿತ್ತು. ಅರ್ಧ ದಾರಿಯ ತನಕ ಎಲ್ಲ ಸುಸೂತ್ರ. ಎರಡೂ ಕಡೆ ಕಾಲುವೆ ನೀರಿನ ಹಸಿರು ಗದ್ದೆ, ಮಹಾದೇವಿ ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದಳು. ಒಂದು ಇಳಿಜಾರಿನಲ್ಲಿ ಬಸ್ಸೊಂದು ಭರ್ರೆಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ಬಡಿದದ್ದೇ, ಕನ್ನಡಿಯಲ್ಲಿ ನನ್ನ ಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಅಲ್ಲಾಡಿಸತೊಡಗಿತು. ಗಾಬರಿಯಾಗಿ ಬ್ರೇಕ್ ಒತ್ತಿದೆ. ಒತ್ತಬಾರದಿತ್ತು. ಹಿಂದಿನದು ಮುಂದಿನದನ್ನು ನೂಕಿತು. ಕಣ್ಣು ಬಿಟ್ಟಾಗ ಜೀಪು ಬದಿಯ ತೆಗ್ಗಿನಲ್ಲಿ, ಕ್ಯಾರವಾನು ಗದ್ದೆಯ ಕೆಸರಿನಲ್ಲಿ ಮಗ್ಗುಲಾಗಿ ಮಲಗಿತ್ತು. ಖಾರ ಅರೆಯುವ ಕಲ್ಲು ಹಿಂದಿನ ಗೋಡೆ ಒಡೆದುಕೊಂಡು ಹೊರಗೆ ಬಂದು ಭತ್ತದ ನಡುವೆ ನಿರಾಳವಾಗಿ ಕುಳಿತಿತ್ತು. ನನಗೆ ಒಂದು ಗೀರೂ ಇಲ್ಲ. ಮಹಾದೇವಿ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ತುಟಿ ಕಚ್ಚಿ ಕುಳಿತಿದ್ದಳು.

ಖಾಸಿಮನಿಗೆ ಫೋನ್ ಮಾಡಿದ್ದು ಅವಳೇ, ಎಡಗೈಯಿಂದ. ಅವನು ಟ್ರ್ಯಾಕ್ಟರ್ ತಂದ, ಹಿಂದೆಯೇ ಆಟೋದಲ್ಲಿ ರಶೀದಾ. ಅವರಿಬ್ಬರೂ ಪ್ರಯಾಣಕ್ಕೆಂದು ಹೊಸ ಬಟ್ಟೆ ಉಟ್ಟಿದ್ದರು. ಖಾಸಿಂ ಮೊದಲು ಮಹಾದೇವಿಯ ಕೈ ನೋಡಿ, ಕಟ್ಟಿಗೆಯ ಪಟ್ಟಿಯೊಂದನ್ನು ಇಟ್ಟು ತನ್ನ ಟವೆಲ್ಲಿನಿಂದ ಕಟ್ಟಿದ. ರಶೀದಾ ಅವಳನ್ನು ತೋಳಲ್ಲಿ ಹಿಡಿದು ಆಟೋ ಹತ್ತಿಸಿದಳು. ಆಮೇಲೆ ಅವನು ಒಡೆದ ಗೋಡೆಯೊಳಗೆ ಬಗ್ಗಿ ನೋಡಿದ. ಹಿಂದಿನ ತುದಿಯಲ್ಲಿ ಗುಡ್ಡೆಯಾಗಿದ್ದ ಹಿಟ್ಟು, ಭರಣಿಯ ಚೂರು ಕಂಡು ಅವನಿಗೆ ಎಲ್ಲ ತಿಳಿಯಿತು. ಬೈಯಲಿ ಎಂದು ಕಾದೆ. "ಲೇ ಕತ್ತೀ" ಎಂದು ಶುರು ಮಾಡಿದ್ದರೆ ಅವನ ಕಾಲ ಹತ್ತಿರ ಕುಳಿತು ಅತ್ತುಬಿಡುತ್ತಿದ್ದೆ. ಅವನು, "ನೀವು ದವಾಖಾನಿಗೆ ಹೋಗ್ರಿ ಸರ, ವೈನಿ ಕಾಯಾಕತ್ತಾರ. ಇಲ್ಲಿದ್ದು ನಾ ನೋಡ್ಕೋತೀನಿ" ಎಂದ.

ಮಣಿಕಟ್ಟಿಗೆ ಒಂದೂವರೆ ತಿಂಗಳು ಪ್ಲಾಸ್ಟರ್. ಆ ದಿನಗಳಲ್ಲಿ ರೊಟ್ಟಿ ಬಡಿದವನು ನಾನು. ನನ್ನ ರೊಟ್ಟಿಗಳು ಒಂದೊಂದು ದಿನ ಒಂದೊಂದು ತಾಲೂಕಿನ ನಕ್ಷೆಯಂತೆ ಬರುತ್ತಿದ್ದವು, ಮಹಾದೇವಿ ಎಡಗೈಯಲ್ಲಿ ಎತ್ತಿ ಹಿಡಿದು ನೋಡಿ, "ಇವತ್ತು ಗುರುಮಠಕಲ್ಲೇನ್ರಿ?" ಎಂದು ತಿನ್ನುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈ ಮೊದಲಿನ ಹಾಗೆ ತಿರುಗಲಿಲ್ಲ. ಅತ್ತ ಖಾಸಿಂ ಗೋಡೆ ಹಚ್ಚಿ, ಮನೆಯನ್ನು ತುಂಬಿ, ಮೂತಿ ತೂಗಿ, ನಡುವಿನ ಸಲಾಕೆ ತರಿಸಿ ಕೂಡಿಸಿದ. ಜೀಪು ಈಗ ನೆಟ್ಟಗೆ ನಿಲ್ಲುತ್ತದೆ. ಕಾರವಾರದ ಮಾತು ತೆಗೆದರೆ, "ಹೋಗೂಣ್ರಿ ಸರ, ಈಗ ಸುಗ್ಗಿ ಅದ, ನೋಡೂಣು" ಎನ್ನುತ್ತಾನೆ. ಸುಗ್ಗಿ ಮುಗಿದು ಬಹಳ ದಿನವಾಯಿತು.

ಹೋದ ವಾರ ಮಹಾದೇವಿ ನೇರವಾಗಿ ಹೇಳಿದಳು: "ಹೋಗಿ ತಪ್ಪಾತು ಅಂದು ಬರ್ರಿ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಖಾಸಿಂ ಸ್ಟೂಲು ಕೊಟ್ಟ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. "ಖಾಸಿಂ, ಅವತ್ತು ಏನಾತಂದ್ರ…" ಎಂದು ಶುರು ಮಾಡಿದೆ. ಏನಾಯಿತು ಎಂದ ಮೇಲೆ ಯಾಕಾಯಿತು ಹೇಳಬೇಕಲ್ಲ. ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣ ಕೈಗೆ ಸಿಕ್ಕಿತು. ನೆಲದ ಮೇಲೆ ಗಾಲಿ ಬರೆದೆ, ಭಾರದ ಕೇಂದ್ರ ಬರೆದೆ, ಬಾಣ ಎಳೆದೆ. ಹಿಂಭಾರವಾದಾಗ ಬಾಲ ಯಾಕೆ ಬೀಸುತ್ತದೆ, ಹಗುರ ಸಲಾಕೆ ಯಾಕೆ ಸಾಲದು ಎಂದು ಬಿಡಿಸಿ ಬಿಡಿಸಿ ವಿವರಿಸಿದೆ. ಅದನ್ನೆಲ್ಲ ನನಗೆ ಮೊದಲೇ ಹೇಳಿದ್ದ ಮನುಷ್ಯ ಕೈ ಕಟ್ಟಿಕೊಂಡು ನಿಂತು ಕೊನೆಯ ತನಕ ಕೇಳಿದ. "ಹೌದ್ರಿ" ಎಂದು, ಚಹಾ ತರಿಸಿದ. ಕುಡಿದು ಬಂದೆ.

ಬಾಗಿಲಲ್ಲೇ ಮಹಾದೇವಿ, "ಹೇಳಿ ಬಂದ್ರೇನು?" ಎಂದಳು.

"ಹೇಳ್ದೆ. ಪೂರಾ ಅರ್ಧ ತಾಸು ಹೇಳ್ದೆ."

ಅವಳು ನನ್ನ ಬೆರಳಿಗೆ ಮೆತ್ತಿದ್ದ ಸೀಮೆಸುಣ್ಣವನ್ನು ನೋಡಿದಳು. "ಅರ್ಧ ತಾಸು ಹಿಡೀತಂದ್ರ ನೀವು ಹೇಳಿಲ್ಲ ಬಿಡ್ರಿ" ಎಂದು ಒಳಗೆ ಹೋದಳು.