ಮಾವನ ಕಾಲಿಗೊಂದು ಕುಣಿ

ನಮ್ಮ ಸೋದರಮಾವನಿಗೆ ಕೂಡ್ರಲು ಬರುತ್ತಿರಲಿಲ್ಲ. ನಗಬೇಡಿ. ಕೈಕಾಲು ನೆಟ್ಟಗಿದ್ದ ಗಟ್ಟಿ ಮನುಷ್ಯ. ಆದರೆ ಕುರ್ಚಿ ಕೊಟ್ಟರೆ ಅದರ ತುದಿಗೆ ಅಂಟಿಕೊಂಡು ಒದ್ದಾಡುತ್ತಿದ್ದ. ಚಾಪೆ ಹಾಸಿದರೆ ಒಂದು ಕಾಲು ಮಡಚಿ, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕದವರ ತಾಟಿನವರೆಗೆ ಚಾಚುತ್ತಿದ್ದ. ತಪ್ಪು ಅವನದಲ್ಲ. ಅವನು ಬನಹಟ್ಟಿಯ ಕುಣಿಮಗ್ಗದ ನೇಕಾರ. ಮಗ್ಗದ ಮುಂದೆ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಹಾಲುಹಲ್ಲು ಬೀಳುವ ವಯಸ್ಸಿನಿಂದ ಆ ಕುಣಿಯಲ್ಲಿ ಕಾಲಿಟ್ಟು ಬೆಳೆದವನಿಗೆ ಪಾದದ ಕೆಳಗೆ ಗಟ್ಟಿ ನೆಲವಿರುವುದೇ ಒಂದು ಅಡಚಣೆಯಾಗಿತ್ತು.

ಇಂಥವನು ಎರಡು ವರ್ಷ ಮುಂಬಯಿಯ ಒಂದು ಚಾಳಿನಲ್ಲಿ, ಮೂರನೆಯ ಅಂತಸ್ತಿನ ಮೇಲೆ, ನೌಕರಿಯಿಲ್ಲದೆ ಕಳೆದ. ಮೂರನೆಯ ಅಂತಸ್ತಿನಲ್ಲಿ ಕುಣಿ ತೋಡಿದರೆ ಕಾಲು ಯಾರ ತಲೆಯ ಮೇಲೆ ಇಳಿಯುತ್ತದೆ, ನೀವೇ ಹೇಳಿ!

ಹೋದದ್ದು ಅವನ ಹೆಂಡತಿ, ನಮ್ಮ ಅತ್ತೆಯ ಸಲುವಾಗಿ. ಅತ್ತೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮಾವ ಎರಡನೇ ಇಯತ್ತೆಯಲ್ಲಿ ಮಾಸ್ತರರಿಗೆ ಕೈಮುಗಿದು ಹೊರಬಿದ್ದವನು. ಅವರ ಮೊದಲ ಕೂಸು ಹೆರಿಗೆಯಲ್ಲೇ ಹೋಯಿತು. ಆಗ ಕರೆಯಲು ಊರಲ್ಲಿ ಒಬ್ಬ ನರ್ಸಬಾಯಿ ಇರಲಿಲ್ಲ. ತಾನೇ ನರ್ಸಬಾಯಿ ಆಗುತ್ತೇನೆಂದು ಅತ್ತೆ ಹಟ ಹಿಡಿದಳು. ತರಬೇತಿಗೆ ಮುಂಬಯಿಯ ಒಂದು ದವಾಖಾನೆಯಲ್ಲಿ ಜಾಗ ಸಿಕ್ಕಿತು. ಅಜ್ಜ, ಅಂದರೆ ಮಾವನ ಅಪ್ಪ, ಬಹಳ ಹೊತ್ತು ಎಲೆಅಡಿಕೆ ಅಗಿದು ತೀರ್ಪು ಕೊಟ್ಟ:

"ಹೋಗೂದಿದ್ರ ಇಬ್ಬರೂ ಕೂಡೇ ಹೋಗ್ರಿ. ಆದ್ರ ಇಂವಾ ಬ್ಯಾಸತ್ತ ತಿರುಗಿ ಬಂದಾ ಅಂದ್ರ, ಆವತ್ತ ಆಕಿನೂ ಬರಬೇಕು. ನಡುವ ಓದು ಗೀದು ಅನ್ನಂಗಿಲ್ಲ."

ಅಲ್ಲಿಗೆ ಅತ್ತೆಯ ಓದು ಅವಳ ಬುದ್ಧಿಯ ಮೇಲಲ್ಲ, ಮಾವನ ಕಾಲುಗಳ ಮೇಲೆ ನಿಂತಿತು. ಅವು ಮುಂಬಯಿಯಲ್ಲಿ ನಿಂತರೆ ಇವಳು ಪಾಸು. ಬನಹಟ್ಟಿಯ ಕಡೆ ತಿರುಗಿದರೆ ನಪಾಸು. ಆಗ ನಮ್ಮ ಜಿಲ್ಲೆ ಮುಂಬಯಿ ಸರಕಾರಕ್ಕೆ ಸೇರಿತ್ತು, ಖರೆ. ಆದರೆ ಸರಕಾರ ಒಂದೇ ಆದ ಮಾತ್ರಕ್ಕೆ ಪರಊರು ನಮ್ಮೂರಾಗುತ್ತದೆಯೇ? ನಾನು ಅದಾಗಲೇ ಅಲ್ಲೊಂದು ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಖೋಲಿಯ ಮಗ್ಗುಲಲ್ಲೇ ಅವರಿಗೊಂದು ಖೋಲಿ ಹಿಡಿದುಕೊಟ್ಟೆ.

ಮಾವನಿಗೆ ಕೆಲಸ ಸಿಗಲಿಲ್ಲ ಎಂದರೆ ತಪ್ಪಾದೀತು. ನೇಕಾರನಿಗೆ ಮುಂಬಯಿಯಲ್ಲಿ ಕೆಲಸಕ್ಕೇನು ಬರ? ನಾನೇ ಒಂದು ಬಟ್ಟೆಯ ಗಿರಣಿಗೆ ಹಚ್ಚಿ ಬಂದೆ. ಮುಂಜಾನೆ ಹೋದವನು ಮಧ್ಯಾಹ್ನಕ್ಕೆ ವಾಪಸು ಬಂದ.

"ಯಾಕ ಮಾಮಾ, ಬೈದ್ರೇನು?"

"ಬೈದಿದ್ರ ತಡಕೋತಿದ್ನೆಪ್ಪಾ. ಅಲ್ಲೇ ಎಲ್ಲಾರೂ ನಿಂತ ನೇಯತಾರೋ ಅಳಿಯಾ."

"ನಿಂತ್ರ ಏನಾತು?"

"ನಿಂತ ನೇದ ಅರಿವಿ ಉಟ್ಟಾಂವಗ ಕುಂಡ್ರಾಕ ಹ್ಯಾಂಗ ಸಮಾಧಾನ ಬರತೈತಿ?"

ಕೂಡ್ರಲು ಬಾರದವನು ಆಡುವ ಮಾತೇ ಇದು? ಆದರೆ ಅವನು ಮತ್ತೆ ಗಿರಣಿಯ ಕಡೆ ತಲೆ ಹಾಕಲಿಲ್ಲ.

ನಾಲ್ಕು ದಿನ ಕಳೆಯುವುದರಲ್ಲಿ ಅಂಗಡಿಗೆ ಹೇಳಿಕಳಿಸಿದರು: ಚಾಳಿನಲ್ಲಿ ನಿನ್ನ ಮಾವ ಜೀವ ಕಳೆದುಕೊಳ್ಳುತ್ತಿದ್ದಾನೆ, ಓಡಿ ಬಾ. ಓಡಿ ಬಂದು ನೋಡಿದರೆ ಅಂಗಳದಲ್ಲಿ ಜನ ನೆರೆದಿದೆ, ಎಲ್ಲರ ಮುಖವೂ ಮೇಲಕ್ಕೆ. ಗ್ಯಾಲರಿಯ ಕಟಕಟೆಯ ಒಂದು ಸರಳು ಮುರಿದಿತ್ತು. ಆ ಸಂದಿಯಿಂದ ಮಾವನ ಎರಡೂ ಕಾಲು ಹೊರಗೆ ಇಳಿಬಿದ್ದಿವೆ. ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ, ಒಂದು ಕೆಳಗೆ. ಎರಡನೆಯ ಅಂತಸ್ತಿನ ಮರಾಠಿ ಆಜಿ ತನ್ನ ಬಾಗಿಲಲ್ಲಿ ನಿಂತು ಆ ಪಾದಗಳಿಗೆ ಕೈಮುಗಿದು, ಮಕ್ಕಳ ಮುಖವನ್ನಾದರೂ ನೆನೆಸಿಕೋ, ಹಾರಬೇಡ ಎಂದು ಬೇಡಿಕೊಳ್ಳುತ್ತಿದ್ದಾಳೆ. ಪಾದಗಳ ಒಡೆಯನಿಗೆ ಇದೊಂದೂ ಗೊತ್ತಿಲ್ಲ. ಮೇಲೆ ಹೋದರೆ, ಊರು ಬಿಟ್ಟ ಮೇಲೆ ಮೊದಲ ಸಲ ಅವನ ಮುಖದಲ್ಲಿ ಗೆಲುವು ಕಂಡಿತು.

"ಬಾ ಅಳಿಯಾ. ಜಾಗಾ ಛಲೋ ಐತಿ. ಗಾಳಿನೂ ಬರತೈತಿ."

ಆಜಿಗೆ ವಿಷಯ ತಿಳಿಸಿ ಹೇಳುವುದರಲ್ಲಿ ನನ್ನ ಮರಾಠಿಯೆಲ್ಲ ಖರ್ಚಾಯಿತು. ಆಮೇಲೆ ಅವಳಿಗೂ ರೂಢಿಯಾಯಿತು. ಮುಂಜಾನೆ ಬಾಗಿಲ ಮುಂದೆ ಪಾದ ಇಳಿದವೆಂದರೆ ಅನ್ನಕ್ಕೆ ಎಸರಿಡುವ ಹೊತ್ತು. ಒಮ್ಮೆ ಮಾವ ಜ್ವರದಿಂದ ಮಲಗಿದಾಗ, ಇವತ್ತು ಪಾದ ಯಾಕೆ ಬರಲಿಲ್ಲ ಎಂದು ಕೇಳಲು ಮೊಣಕಾಲು ನೋವಿನ ಆ ಮುದುಕಿ ಮೆಟ್ಟಿಲು ಹತ್ತಿ ಬಂದಿದ್ದಳು.

ಕಾಲಿಗೆ ಜಾಗ ಸಿಕ್ಕಿತು, ಕೈಗೆ? ನಮ್ಮ ಕಡೆ ನೇಕಾರರ ಓಣಿಯಲ್ಲಿ ಮುಂಜಾನೆ ಹರಿವತ್ತಿನಲ್ಲಿ ಹಾಸು, ಅಂದರೆ ಅರಿವೆಯ ಉದ್ದದ ಎಳೆ, ಹೂಡುತ್ತಾರೆ. ಎರಡು ಕಡೆ ಗೂಟ ಬಡಿದು, ನಡುವೆ ನೂಲು ಬಿಗಿದು, ಗಂಜಿ ಹಚ್ಚಿ, ಎಳೆಗೆ ಎಳೆ ಅಂಟದಂತೆ ಆರುವ ತನಕ ಕುಂಚದಿಂದ ಬಾಚುತ್ತಲೇ ಇರಬೇಕು. ಹಾಸು ಹೂಡಿದ ಓಣಿಯಲ್ಲಿ ಯಾರೂ ಅದನ್ನು ದಾಟುವುದಿಲ್ಲ. ಬಂದ ಚಕ್ಕಡಿ ಹೊರಳಿ ಬೇರೆ ದಾರಿ ಹಿಡಿಯುತ್ತದೆ. ಅಜ್ಜನ ಸೋದರರಂಥ ಜಗಳಗಂಟರೂ ಸುತ್ತುಹಾಕಿ ಹೋಗುತ್ತಾರೆ. ಇದು ಭೂಮಿಯ ಮೇಲಿನ ಎಲ್ಲ ಮನುಷ್ಯರಿಗೂ ಗೊತ್ತಿರುವ ರೀತಿಯೆಂದು ಮಾವ ತಿಳಿದಿದ್ದ.

ಚಾಳಿನ ಗ್ಯಾಲರಿ ಉದ್ದಕ್ಕೆ ಓಣಿಯ ಹಾಗೇ ಇತ್ತು. ಅದನ್ನು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ನೂಲಿಗೇನು ಮಾಡಿದ ಅಂದಿರಾ? ತನ್ನ ಮದುವೆಯ ಧೋತರವನ್ನು ಎಳೆಎಳೆಯಾಗಿ ಬಿಚ್ಚಿದ. ಒಂದು ನಸುಕಿನಲ್ಲಿ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನೂಲು ಬಿಗಿದು, ಅನ್ನದ ಗಂಜಿ ಹಚ್ಚಿ ಬಾಚತೊಡಗಿದ. ಅಷ್ಟರಲ್ಲಿ ಗಿರಣಿಯ ಭೋಂಗಾ ಕೂಗಿತು. ಬಾಗಿಲು ಬಾಗಿಲಿನಿಂದ ಗಂಡಸರು ಡಬ್ಬಿ ಹಿಡಿದು ಹೊರಗೆ ಧಾವಿಸಿದರು.

"ಹಾಸ ದಾಟಬ್ಯಾಡ್ರೀ," ಎಂದು ಮಾವ ಎರಡೂ ಕೈ ಎತ್ತಿ ಅಡ್ಡ ನಿಂತ.

ಕೇಳುವವರು ಯಾರು? ಭೋಂಗಾ ಎರಡನೆಯ ಸಲ ಕೂಗುವುದರೊಳಗೆ ಗೇಟು ಮುಟ್ಟಬೇಕು. ಒಬ್ಬನ ಅಂಗಿಯ ಗುಂಡಿಗೆ ನಾಲ್ಕೆಳೆ, ಒಬ್ಬನ ಕೊಡೆಗೆ ಒಂದು ಲಡಿ. ಗಂಜಿಯ ಮೇಲೆ ಜಾರಿದವನೊಬ್ಬ ಕೂತಲ್ಲೇ ಕೂತು ಮೆಟ್ಟಿಲ ತನಕ ಸಾಗಿದ. ಆ ದಿನ ನಮ್ಮ ಚಾಳಿನ ಗಂಡಸರೆಲ್ಲ ಒಂದೇ ಧೋತರದಲ್ಲಿ ಪೋಣಿಸಿಕೊಂಡು ಗಿರಣಿಗೆ ಹೋದರು. ಅತ್ತೆ ಗೋಡೆಗೆ ಒರಗಿ ಕಣ್ಣೀರು ಬರುವಂತೆ ನಕ್ಕಳು.

ಮಾವ ಸಿಟ್ಟಾಗಲಿಲ್ಲ. ಅವನಿಗೆ ಕೆಲಸ ಸಿಕ್ಕಿತ್ತಲ್ಲ! ಮನೆಮನೆಗೆ ಹೋಗಿ ಹರಿದ ಎಳೆಗಳನ್ನು ಕೇಳಿ ತಂದು, ಸಂದಿಯಲ್ಲಿ ಕಾಲಿಳಿಬಿಟ್ಟು ಕೂತು, ತುದಿಗೆ ತುದಿ ಹೊಸೆದು ಕೆಚ್ಚಿದ. ಮಳೆಗಾಲ ಪೂರ್ತಿ ಅದೇ ಕೆಲಸ ನಡೆಯಿತು.

ನೂಲು ಮುಗಿದ ಮೇಲೆ ಅವನು ಹೊಸ ಪಾಠ ಶುರು ಮಾಡಿದ. ಅತ್ತೆ ದವಾಖಾನೆಗೆ ಹೊರಟ ಕೂಡಲೆ ತಾನೂ ರೊಟ್ಟಿಯ ಗಂಟು ಬಗಲಿಗಿಟ್ಟುಕೊಂಡು ಹೊರಡುವುದು. ಅವಳು ಬಂದ ಮೇಲೆಯೇ ಬೆವರು ಒರೆಸುತ್ತ ಬರುವುದು. "ಭಾಳ ಕೆಲಸ ಇತ್ತ ಬೇ ಇವತ್ತ," ಎಂದು ಗೋಡೆಗೆ ಒರಗುವುದು. ಏನು ಕೆಲಸವೆಂದು ಅತ್ತೆ ಕೇಳಲಿಲ್ಲ, ನಾನು ಕೇಳಿದೆ.

"ಸಮುದ್ರದ ಕಟ್ಟಿ ಮ್ಯಾಲ ಕುಂಡರತೀನಿ. ಎಟ್ಟ ದೊಡ್ಡ ಕುಣಿ ತಗಸ್ಯಾರೋ ಅಳಿಯಾ ಇವರು! ಆದ್ರ ನೀರ ಬಿಟ್ಟ ಕೆಡಿಸ್ಯಾರ."

ಚಾಳಿನವರಿಗೆಲ್ಲ ಇದನ್ನು ಹೇಳಿ ನಾನು ವಾರಗಟ್ಟಲೆ ನಗಿಸಿದೆ. ಅತ್ತೆ ಮಾತ್ರ ಒಂದು ದಿನ ದವಾಖಾನೆಯ ಕೆಲಸದ ಮೇಲೆ ಟ್ರಾಮಿನಲ್ಲಿ ಹೋಗುವಾಗ ಅದನ್ನು ಕಣ್ಣಾರೆ ಕಂಡಳು. ಸುಡುವ ಬಿಸಿಲು. ಕಟ್ಟೆಯ ಮೇಲೆ ಮಾವ ಒಬ್ಬನೇ. ಕಾಲು ಗಾಳಿಯನ್ನು ತುಳಿಯುತ್ತಿವೆ; ಬಲಗೈ, ಇಲ್ಲದ ಲಾಳಿಯನ್ನು ಎಸೆಯುತ್ತಿದೆ, ಎಡಗೈ ಹಿಡಿಯುತ್ತಿದೆ. ದಾರಿಹೋಕರು ನಿಂತು ನೋಡಿ ಮುಂದೆ ಹೋಗುತ್ತಿದ್ದಾರೆ. ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ನಾನು ಅಲ್ಲಿಯೇ ಇದ್ದೆ.

"ನಡೀರಿ, ಊರಿಗೆ ಹೋಗೂನು. ನನಗ ಓದೂ ಬ್ಯಾಡ, ಏನೂ ಬ್ಯಾಡ," ಎಂದಳು.

ಮಾವ ಚಾಚಿದ ಕಾಲನ್ನು ಹತ್ತಿರ ಎಳೆದುಕೊಂಡ.

"ಗಂಜಿ ಹಚ್ಚೇವಿ. ಈಗ ನಡುವ ಎದ್ರ ಎಳೀಗಿ ಎಳಿ ಹತ್ತಿ ಹಾಸೆಲ್ಲಾ ಹಾಳಾಕ್ಕೈತಿ. ನೀ ನಿನ್ನ ಕೆಲಸಾ ಮುಗಸು. ನಾ ಎಲ್ಲೀ ಹೋಗಂಗಿಲ್ಲ," ಎಂದ. ಆಮೇಲೆ ಹಸಿವೆಯಾಗಿದೆ ಎಂದು ತಾನೇ ಒಲೆ ಹಚ್ಚಿದ.

ಅತ್ತೆ ಪಾಸಾದಳು. ಇಬ್ಬರೂ ಬನಹಟ್ಟಿಗೆ ಮರಳಿದರು. ಅಷ್ಟೊತ್ತಿಗೆ ರಾಜ್ಯವೇ ಬದಲಾಗಿ, ನಾವು ರಾತ್ರಿ ಮುಂಬಯಿಯವರಾಗಿ ಮಲಗಿ ಮುಂಜಾನೆ ಮೈಸೂರಿನವರಾಗಿ ಎದ್ದೆವು. ಜಮಖಂಡಿಯ ದವಾಖಾನೆಯಲ್ಲಿ ಅವಳಿಗೆ ಕೊಡುತ್ತೇವೆಂದಿದ್ದ ಜಾಗದ ಹುಕುಂ ಈ ಅದಲುಬದಲಿನಲ್ಲಿ ತಡವಾಯಿತು. ನಾನು ರಜೆಯ ಮೇಲೆ ಊರಿಗೆ ಹೋದಾಗ, ಅತ್ತೆ ತೊಳೆದ ತಂಬಿಗೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಕೂತಳೆಂದರೆ ಏಳುತ್ತಿದ್ದಳು, ಎದ್ದಳೆಂದರೆ ಬಾಗಿಲಿಗೆ ಹೋಗಿ ಟಪಾಲಿನವನ ದಾರಿ ನೋಡುತ್ತಿದ್ದಳು. "ಇಷ್ಟ ಓದಿ ಏನಾತು?" ಎಂದು ಅಜ್ಜ ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದ.

ಮರುದಿನ ಮುಂಜಾನೆ ಧಪ್ ಧಪ್ ಎಂಬ ಸಪ್ಪಳಕ್ಕೆ ಎಚ್ಚರಾಯಿತು. ಮಾವ ಹಾರೆ ಹಿಡಿದು ಮಗ್ಗದ ಮಗ್ಗುಲಲ್ಲಿ ನೆಲ ಅಗೆಯುತ್ತಿದ್ದ. ಅವನ ಕುಣಿಗೆ ಹತ್ತಿಕೊಂಡು ಇನ್ನೊಂದು ಕುಣಿ, ಅದಕ್ಕಿಂತ ಸಣ್ಣದು.

"ಎರಡನೇ ಮಗ್ಗಾ ಹೂಡತೀಯೇನಲೇ?" ಎಂದ ಅಜ್ಜ.

"ಇಲ್ಲಪ್ಪಾ, ಮಗ್ಗ ಅಲ್ಲ."

ಮಣ್ಣು ಬಳಿದು ಹಾಕಿ, ಅಂಚಿನ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅಡಿಗೆಮನೆಯ ಕಡೆ ಹೊರಳಿ ಕರೆದ.

"ಏ, ಬಾ ಇಲ್ಲೆ. ತಂಬಿಗಿ ಇಡು. ಕಾಲ ಇಳಿಬಿಟ್ಟ ಕುಂಡ್ರು."

"ಯಾಕ್ರಿ?"

"ಕೆಲಸಾ ಬರೂತನಕಾ. ಖಾಲಿ ಕುಂತ್ರ ಹ್ಯಾಂಗ ಆಕ್ಕೈತಿ, ನನಗ ಗೊತ್ತೈತಿ. ಒಬ್ಬಾಕೀ ಕುಂಡ್ರಬ್ಯಾಡ."

ಅತ್ತೆ ಬಂದು ಕೂತಳು. ಕಾಲು ಇಳಿಬಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಮುದ್ರದ ಕಟ್ಟೆಯ ಕತೆ ಹೇಳಿ ಜನರನ್ನು ನಗಿಸಿದ ನಾನು ಹಾರೆಯನ್ನು ಎತ್ತಿ ಗೋಡೆಗೆ ಒರಗಿಸಿದೆ. ಮಾವ ಅವಳ ಕಡೆ ನೋಡದೆ ತನ್ನ ಕುಣಿಗಿಳಿದು ಲಾಳಿ ಎಸೆದ. ಸ್ವಲ್ಪ ಹೊತ್ತಿಗೆ ಅವನ ಕಾಲಿನ ಜೊತೆ ಅವಳ ಕಾಲೂ ಆಡತೊಡಗಿದವು.