ಮಲಗಿಕೊಂಡು ಮಣಿಪಾಲಕ್ಕೆ

ನಮ್ಮ ಕಡೆ ಮನುಷ್ಯ ಮಲಗಿಕೊಂಡು ಮನೆಯಿಂದ ಹೊರಡುವ ಸಂದರ್ಭಗಳು ಎರಡೇ. ಒಂದು, ಮಣಿಪಾಲಕ್ಕೆ. ಇನ್ನೊಂದನ್ನು ಹೇಳುವ ಅಗತ್ಯವಿಲ್ಲ. ಹಾಗೆ ಹೊರಟವರು ಯಾರೂ ಮರಳಿ ಬಂದು ಪ್ರಬಂಧ ಬರೆದದ್ದಿಲ್ಲ. ಮಣಿಪಾಲದಲ್ಲಿ ಕಾಲೇಜುಗಳಿವೆ, ಬ್ಯಾಂಕುಗಳಿವೆ, ಒಳ್ಳೆಯ ಐಸ್‌ಕ್ರೀಮಿನ ಅಂಗಡಿಗಳೂ ಇವೆ. ಆದರೆ ಕಾಪುವಿನಲ್ಲಿ ನಿಂತು ‘ಅವರು ಮಣಿಪಾಲಕ್ಕೆ ಹೋಗಿದ್ದಾರೆ’ ಎಂದು ನೋಡಿ. ಕೇಳಿದವರು ಐಸ್‌ಕ್ರೀಮನ್ನು ನೆನೆಯುವುದಿಲ್ಲ. ದನಿ ತಗ್ಗಿಸಿ, ‘ಯಾವ ವಾರ್ಡು?’ ಎನ್ನುತ್ತಾರೆ. ‘ಹೋಗಿದ್ದಾರೆ’ ಎಂದರೆ ಸ್ವಲ್ಪ ಆಸೆ ಇದೆ. ‘ಕೊಂಡುಹೋಗಿದ್ದಾರೆ’ ಎಂದರೆ ನೆಂಟರಿಗೆ ಫೋನು ಮಾಡುವ ಹೊತ್ತು. ಇಷ್ಟೆಲ್ಲ ಗೊತ್ತಿದ್ದೂ ಮಲಗಿಕೊಂಡು ಹೊರಡುವುದಕ್ಕೆ ಮೂರನೆಯ ಸಂದರ್ಭವೊಂದನ್ನು ಹುಟ್ಟುಹಾಕಿದವನು ನಾನು.

ಮುಂದೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ. ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಜೀವನ ಕಳೆದವನು. ಪುಸ್ತಕ ಹಿಂದಿರುಗಿಸಿದ್ದೇನೆಂದು ಆಣೆ ಹಾಕುವವರನ್ನೂ, ಆಮೇಲೆ ಆ ಪುಸ್ತಕ ಅವರ ಮನೆಯ ಮಂಚದಡಿಯಲ್ಲಿ ಸಿಕ್ಕುವುದನ್ನೂ ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ಯಾರೂ ಸುಳ್ಳುಗಾರರಲ್ಲ. ಅವರಿಗೆ ಹಿಂದಿರುಗಿಸಿದ್ದು ನಿಜವಾಗಿಯೂ ನೆನಪಿತ್ತು. ಹಾಗಾಗಿ ನಾನು ದಿನಚರಿ ಬರೆಯುತ್ತೇನೆ. ತೊಂದರೆಯೆಂದರೆ, ದಿನಚರಿಯನ್ನು ಬರೆಯುವವನೂ ನಾನೇ.

ನಿವೃತ್ತಿಯಾದ ಮರುವರ್ಷ ನನಗೆ ತಲೆಸುತ್ತು ಶುರುವಾಯಿತು. ಕಿವಿಯೊಳಗೆ ಸಮತೋಲ ನೋಡಿಕೊಳ್ಳುವ ಯಾವುದೋ ಸಣ್ಣ ವ್ಯವಸ್ಥೆ ಕೆಟ್ಟಿದೆಯೆಂದು ಡಾಕ್ಟರರು ಹೇಳಿದರು. ಮಲಗಿದಲ್ಲಿಂದ ಏಳುವಾಗ ಗಡಿಬಿಡಿ ಮಾಡಬಾರದು, ಮೊದಲು ಕೂತು, ಐವತ್ತರವರೆಗೆ ಎಣಿಸಿ, ಆಮೇಲೆ ನಿಲ್ಲಬೇಕು. ಸ್ಕೂಟರು ಬಿಡಬೇಕು. ‘ಎರಡು ಚಕ್ರ ಬೇಡ’ ಎಂದರು. ಇದು ನನಗೆ ನೆನಪಿರುವುದು, ದಿನಚರಿಯಲ್ಲಿರುವುದೂ ಇದೇ. ಜೊತೆಯಲ್ಲಿದ್ದ ನನ್ನ ಹೆಂಡತಿ ವಿನೋದಾಳಿಗೆ ನೆನಪಿರುವುದು ಬೇರೆ. “ಒಬ್ಬರೇ ಎಲ್ಲಿಗೂ ಹೋಗ್ಬೇಡಿ ಅಂತ ಹೇಳಿದ್ದು ಅವರು. ಚಕ್ರದ ಲೆಕ್ಕ ಯಾರು ಕೇಳಿದ್ದು?” ಎನ್ನುತ್ತಾಳೆ. ಡಾಕ್ಟರರನ್ನೇ ಕೇಳಬಹುದಿತ್ತು. ಅವಳು ಸರಿಯೆಂದಾದರೆ ಏನು ಮಾಡುವುದೆಂಬ ಹೆದರಿಕೆಯಿಂದ ಕೇಳಲಿಲ್ಲ.

ಸ್ಕೂಟರು ಹೋದ ಮೇಲೆ ಗೊತ್ತಾಯಿತು, ನನ್ನದೆಂದು ನಾನು ತಿಳಿದಿದ್ದ ಎಷ್ಟೋ ವಿಷಯಗಳು ಸ್ಕೂಟರಿನವು. ಸಂಜೆ ದೀಪಸ್ತಂಭದ ಕಡೆ ಹೋಗಿ ಸುಮ್ಮನೆ ನಿಲ್ಲುವುದು, ಉಡುಪಿಯಲ್ಲಿ ಹಳೆ ಪುಸ್ತಕ ತಡಕಾಡುವುದು, ಯಾರಿಗೂ ಹೇಳದೆ ಬಿಸ್ಕುಟ್ ರೊಟ್ಟಿ ತಿಂದು ಬರುವುದು. ಈಗ ಎಲ್ಲಿಗೆ ಹೋಗಬೇಕಾದರೂ ಯಾರಾದರೂ ‘ಎಂತಕ್ಕೆ?’ ಎಂದು ಕೇಳುತ್ತಿದ್ದರು. ಕಾರಣವಿಲ್ಲದೆ ಹೋಗುವುದೇ ನನ್ನ ಕಾರಣವಾಗಿತ್ತು.

ಹೀಗಿರುವಾಗ ಕಾರ್ಕಳದಲ್ಲಿ ಒಂದು ಮದುವೆಯೂಟಕ್ಕೆ ಹೋದವನಿಗೆ ಪದ್ಮರಾಜರ ಪರಿಚಯವಾಯಿತು. ನಿವೃತ್ತ ಇಂಜಿನಿಯರು, ಎಂಬತ್ತು ದಾಟಿದವರು. ಮಾತಿನ ನಡುವೆ, ವಿದೇಶದಲ್ಲಿದ್ದಾಗ ಕೊಂಡು ಹಡಗಿನಲ್ಲಿ ತರಿಸಿದ ಮೂರು ಚಕ್ರದ ವಿದ್ಯುತ್ ಸೈಕಲ್ಲೊಂದು ತಮ್ಮ ಶೆಡ್ಡಿನಲ್ಲಿದೆ, ಒರಗಿಕೊಂಡೇ ಓಡಿಸುವಂಥದ್ದು ಎಂದರು. ನನಗೆ ಮೈ ಜುಮ್ಮೆಂದಿತು. ಅದನ್ನು ನಾನು ನೋಡಿದ್ದೆ! ಎಂ.ಎ. ಓದುವಾಗ, ಮಣಿಪಾಲದ ಇಳಿಜಾರಿನಲ್ಲಿ, ನೀಲಿ ಬಣ್ಣದ ಸೈಕಲ್ಲಿನ ಮೇಲೆ ರಾಜನಂತೆ ಒರಗಿ ಇಳಿದುಹೋದ ಮನುಷ್ಯನನ್ನು ಕಣ್ಣಾರೆ ಕಂಡಿದ್ದೆ. ವಿಧಿಯೇ ಅದನ್ನು ಮತ್ತೆ ನನ್ನೆದುರು ತಂದಿದೆ ಎಂದುಕೊಂಡೆ. ಊಟದ ಕೈ ಆರುವ ಮೊದಲೇ ಶೆಡ್ಡಿನಲ್ಲಿದ್ದೆ. ಮುಂದೆ ಎರಡು ಚಕ್ರ, ಹಿಂದೆ ಒಂದು, ನಡುವೆ ನೆಲದಿಂದ ಒಂದು ಗೇಣಿನ ಎತ್ತರದಲ್ಲಿ ಹರಿದ ಬಲೆಯ ಆಸನ, ಕಾಲು ಚಾಚಿದರೆ ಎದುರಿಗೆ ಪೆಡಲು, ಸೊಂಟದ ಎರಡೂ ಬದಿಗೆ ಹಿಡಿಕೆ. ಹಸಿರು ಬಣ್ಣ.

“ಮೊದಲು ನೀಲಿ ಇತ್ತಲ್ಲವೇ? ಮಣಿಪಾಲದಲ್ಲಿ ನೋಡಿದ್ದೆ,” ಎಂದೆ.

“ಇಲ್ಲ ಇಲ್ಲ, ಹಸಿರೇ. ಇದು ಈ ಶೆಡ್ಡು ಬಿಟ್ಟು ಗೇಟಿನಿಂದ ಆಚೆ ಹೋದದ್ದೇ ಇಲ್ಲ,” ಎಂದರು ಪದ್ಮರಾಜರು. “ಮಣಿಪಾಲಕ್ಕಾ? ನಾನು ಮಣಿಪಾಲಕ್ಕೆ ಹೋದದ್ದು ಹರ್ನಿಯಾಕ್ಕೆ ಒಮ್ಮೆ.”

ಅದು ಊರಿಗೆ ಬಂದದ್ದೇ ನನ್ನ ಎಂ.ಎ. ಮುಗಿದು ಎಷ್ಟೋ ವರ್ಷಗಳ ಮೇಲೆ. ಹಾಗಾದರೆ ನಾನು ಕಂಡದ್ದೇನು? ಬಹುಶಃ ಯಾರೋ ಕೈಗಾಡಿಯಲ್ಲಿ ಮಲಗಿದ್ದಿರಬೇಕು. ಆದರೆ ಅಷ್ಟು ಹೊತ್ತಿಗೆ ನಾನು ಕೊಳ್ಳುವ ಮಾತಾಡಿಯಾಗಿತ್ತು. ನಡೆಯದೇ ಇದ್ದ ಘಟನೆಯೊಂದರ ನೆನಪಿಗಾಗಿ ವಾಹನ ಕೊಂಡವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬಹುದು.

ರಿಪೇರಿಗೆ ಅದನ್ನು ಟೆಂಪೋದಲ್ಲಿ ಹಾಕಿ ಮಲ್ಪೆಗೆ ಕೊಂಡುಹೋದೆ. ಸೈಕಲ್ ಅಂಗಡಿಯವರು ಇದು ಸೈಕಲ್ಲಲ್ಲವೆಂದರು, ರಿಕ್ಷಾ ಮೆಕ್ಯಾನಿಕ್ಕು ಇದು ರಿಕ್ಷಾ ಅಲ್ಲವೆಂದ. ಬೋಟಿನ ಇಂಜಿನ್ ರಿಪೇರಿ ಮಾಡುವ ಸದಾನಂದಣ್ಣ ಮಾತ್ರ ಸುತ್ತ ಎರಡು ಸಲ ಬಂದು, “ಆಗ್ತದೆ ಸಾರ್, ನೀರಿಗೆ ಇಳಿಸ್ಲಿಕ್ಕೆ ಇಲ್ಲ ಅಲ್ವಾ?” ಎಂದರು. ಕಲ್ಲಿನಂತೆ ಭಾರವಾಗಿದ್ದ ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಿದರು. ರಿಕ್ಷಾದ ಹಾರ್ನು ಹಾಕಿದರು. ಹರಿದ ಆಸನಕ್ಕೆ ಬಂದರಿನಲ್ಲಿ ಬಲೆ ಹೊಲಿಯುವವರಿಂದಲೇ ಟ್ರಾಲರಿನ ನೈಲಾನ್ ಬಲೆ ನೇಯಿಸಿಕೊಟ್ಟರು. “ಇದರಲ್ಲಿ ಐನೂರು ಕಿಲೋ ಮೀನು ಮೇಲೆ ಬಂದದ್ದುಂಟು, ನೀವೆಂತ?” ಎಂದರು. ಅದು ನಿಜವೆಂಬುದಕ್ಕೆ ವಾಸನೆಯೇ ಸಾಕ್ಷಿ. ಸೈಕಲ್ಲು ಮನೆಗೆ ಬಂದ ದಿನದಿಂದ ಬೀದಿಯ ಬೆಕ್ಕುಗಳೆಲ್ಲ ಅದರ ಮೇಲೇ ಮಲಗತೊಡಗಿದವು. ನಾನು ಕೂರಬೇಕಾದರೆ ಅವುಗಳನ್ನು ವಿನಯದಿಂದ ಎಬ್ಬಿಸಬೇಕು.

ಉಳಿದದ್ದು ಬಾವುಟ. ಇಷ್ಟು ಕೆಳಗೆ ಮಲಗಿ ಹೋಗುವವನು ಬಸ್ಸಿನವರಿಗೆ ಕಾಣುವುದಿಲ್ಲ, ಹಿಂದೆ ಕೋಲು ನೆಟ್ಟು ಬಟ್ಟೆ ಕಟ್ಟಲೇಬೇಕು ಎಂದರು ಸದಾನಂದಣ್ಣ. ಸಮುದ್ರದಲ್ಲಿ ಬಲೆ ಎಲ್ಲಿದೆಯೆಂದು ತಿಳಿಯಲು ಅವರು ಕಟ್ಟುವುದೂ ಹಾಗೆಯೇ. “ಯಾವ ಬಣ್ಣ ಸಾರ್?” ಎಂದು ಕೇಳಿದಾಗ ನಾನು ಬೆವರಿದೆ. ನಮ್ಮ ಕಡೆ ಬಣ್ಣಗಳೆಲ್ಲ ಆಗಲೇ ಒಬ್ಬೊಬ್ಬರ ಪಾಲಾಗಿವೆ. ಕೇಸರಿ ಕಟ್ಟಿದರೆ ಒಂದು, ಹಸಿರು ಕಟ್ಟಿದರೆ ಇನ್ನೊಂದು, ಕೆಂಪು ಕಟ್ಟಿದರೆ ಯಾವ ಮುಷ್ಕರವೆಂದು ಕೇಳುತ್ತಾರೆ, ಕಪ್ಪು ಪ್ರತಿಭಟನೆ, ಬಿಳಿ ಕಟ್ಟಿದರೆ ಹೆಂಡತಿಯೊಂದಿಗೆ ರಾಜಿಯಾಗಿದೆಯೆಂದು ತಿಳಿಯುತ್ತಾರೆ. ಎರಡು ದಿನ ನನಗೆ ನಿದ್ದೆಯಿಲ್ಲ. ಕೊನೆಗೆ ವಿನೋದಾ ತನ್ನ ಹಳೆಯ ನೈಟಿಯಿಂದ ಗಿಳಿಗಳಿದ್ದ ತುಂಡೊಂದನ್ನು ಕತ್ತರಿಸಿ ಎಸೆದಳು. “ಇದನ್ನು ಕಟ್ಟಿ. ಇದು ಯಾವ ಪಾರ್ಟಿಯದ್ದೂ ಅಲ್ಲ.”

ಬಟ್ಟೆ ಕೊಟ್ಟಳೆಂದರೆ ಒಪ್ಪಿದಳೆಂದಲ್ಲ. ಷರತ್ತು ಹಾಕಿದಳು. “ಒಂದು ಸಲ ಮಣಿಪಾಲಕ್ಕೆ ಹೋಗಿ ಬನ್ನಿ. ಒಂದೂವರೆಗೆ ಊಟಕ್ಕೆ ಕೂತಿರ್ಬೇಕು. ಬಂದರೆ ಇದು ಇಲ್ಲಿರ್ತದೆ, ನಾನು ಮತ್ತೆ ಬಾಯಿ ತೆರೆಯುದಿಲ್ಲ. ಬರದಿದ್ರೆ ಕಾರ್ಕಳಕ್ಕೆ ವಾಪಸ್.” ಎಲ್ಲ ಬಿಟ್ಟು ಮಣಿಪಾಲವೇ ಏಕೆಂದರೆ, “ಎಂತಾದ್ರೂ ಆದರೆ ಅಲ್ಲಿಗೇ ಕೊಂಡುಹೋಗ್ಬೇಕಲ್ಲ, ಅರ್ಧ ದಾರಿ ಉಳಿತದೆ.”

ಹೊರಟದ್ದು ಬೆಳಿಗ್ಗೆ ಒಂಬತ್ತಕ್ಕೆ. ಗೇಟಿನೆದುರಿನ ಜೀನಸು ಅಂಗಡಿಯ ಬಾಬಣ್ಣ ಹೊರಗೆ ಬಂದು ನೋಡಿ, “ಎಂತ ಸಾರ್, ಈಸಿಚೇರಿಗೆ ಚಕ್ರ ಬಂತಾ? ಎಲ್ಲಿಗೆ ಸವಾರಿ?” ಎಂದರು. “ಮಣಿಪಾಲಕ್ಕೆ,” ಎಂದೆ. ವಿನೋದಾ ಗೇಟಿನಲ್ಲಿ ನಿಂತಿದ್ದಳು. ನಾನು ಕೈಬೀಸಿದೆ. ಇಷ್ಟೇ ನಡೆದದ್ದು, ದಯವಿಟ್ಟು ನೆನಪಿಡಿ, ನನಗಿಂತ ನೀವು ಚೆನ್ನಾಗಿ ನೆನಪಿಡಬಲ್ಲಿರಿ.

ಹೆದ್ದಾರಿಯನ್ನು ಆ ಎತ್ತರದಿಂದ ನೋಡಿದವರು ಕಡಿಮೆ. ಬಸ್ಸಿಗೆ ಮುಖ, ಕಿಟಕಿ, ಜನ ಏನೂ ಇರುವುದಿಲ್ಲ. ಬರೀ ಚಕ್ರ, ಚಕ್ರದ ನಟ್ಟುಗಳು. ಕಟಪಾಡಿ ದಾಟುವಷ್ಟರಲ್ಲಿ ಎಷ್ಟು ಬಸ್ಸುಗಳ ನಟ್ಟು ಸಡಿಲವಿದೆಯೆಂದು ಹೇಳಬಲ್ಲವನಾಗಿದ್ದೆ. ಮೀನಿನ ಲಾರಿಯೊಂದು ಮುಂದೆ ಹೋಗಿ ತನ್ನ ಐಸಿನ ನೀರನ್ನು ನನ್ನ ಮೇಲೆ ಪ್ರೋಕ್ಷಿಸಿತು. ತಲೆ ಸುತ್ತುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ಪರೀಕ್ಷಿಸಿಕೊಂಡೆ. ಸುತ್ತುತ್ತಿರಲಿಲ್ಲ. ಸುತ್ತದಿರುವುದೂ ಒಂದು ಲಕ್ಷಣವಿರಬಹುದೆಂದು ಹೆದರಿದೆ. ಉದ್ಯಾವರದಲ್ಲಿ ಜೇಬಿನ ಫೋನು ಜಾರಿ ಬಲೆಯ ಕಣ್ಣಿನಲ್ಲಿ ಸಿಕ್ಕಿಬಿತ್ತು, ನನ್ನ ಬೆನ್ನಿನ ಅಡಿಗೆ. ಅದು ಗುರುಗುಟ್ಟುವುದು ಬೆನ್ನಿಗೆ ತಿಳಿಯುತ್ತಿತ್ತು. ಸೈಕಲ್ಲಿನ ಮೋಟರಿನ ನಡುಕವಿರಬೇಕು, ಸದಾನಂದಣ್ಣನಿಗೆ ಹೇಳಬೇಕು ಎಂದುಕೊಂಡೆ.

ಫೋನು ಮಾಡುತ್ತಿದ್ದವಳು ಶಂಕರಪುರದ ಗಿರಿಜಕ್ಕ, ನನ್ನ ಅಕ್ಕ. ಮಲ್ಲಿಗೆ ಬೆಳೆಯುವವಳು. ಬೆಳಗಿನ ಹೊತ್ತು ಹೂ ಕಟ್ಟುತ್ತ, ಫೋನನ್ನು ಸ್ಪೀಕರಿನಲ್ಲಿಟ್ಟು, ನೆನಪಾದವರನ್ನೆಲ್ಲ ವಿಚಾರಿಸಿಕೊಳ್ಳುವುದು ಅವಳ ಪದ್ಧತಿ. ಬೈಯುತ್ತಾಳೆಂದು ಸೈಕಲ್ಲಿನ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ನಾನು ಎತ್ತದಿದ್ದಾಗ ಅವಳು ಬಾಬಣ್ಣನ ಅಂಗಡಿಗೆ ಫೋನು ಮಾಡಿದಳು. ಆ ಸಂಭಾಷಣೆಯನ್ನು ಆಮೇಲೆ ಇಬ್ಬರಿಂದಲೂ ಕೇಳಿ ಬರೆದುಕೊಂಡಿದ್ದೇನೆ, ಎಲ್ಲಿಯೂ ವ್ಯತ್ಯಾಸವಿಲ್ಲ.

“ಬಾಬಣ್ಣಾ, ನನ್ನ ತಮ್ಮ ಫೋನು ತೆಗೀತಾ ಇಲ್ಲ. ಮನೆಯಲ್ಲಿ ಇದ್ದಾನಾ?”

“ಇಲ್ಲಕ್ಕ, ಮಣಿಪಾಲಕ್ಕೆ ಹೋದ್ರಲ್ಲ ಬೆಳಿಗ್ಗೆ.”

“ಅಯ್ಯೋ ದೇವರೇ! ಹೇಗೆ ಹೋದ?”

“ಮಲಗಿಕೊಂಡೇ ಹೋದ್ರು.”

“ಮಾತಾಡ್ತಿದ್ನಾ?”

“ಒಂದು ಮಾತಾಡಿದ್ರು. ಮತ್ತೆ ಸುಮ್ಮನೆ ಕೈ ಎತ್ತಿದ್ರು.”

“ವಿನೋದಾ?”

“ಅವರು ಗೇಟಿನಲ್ಲಿ ನಿಂತು ಕಣ್ಣು ಒರೆಸ್ಕೊಳ್ತಿದ್ರು.”

ಒಂದೊಂದು ಅಕ್ಷರವೂ ಸತ್ಯ. ಬಾಬಣ್ಣನ ಮೇಲೆ ನಾನು ಯಾವ ತಪ್ಪನ್ನೂ ಹೊರಿಸಲಾರೆ. ಅಕ್ಕ ವಿನೋದಾಳಿಗೆ ಫೋನು ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ಏನೆಂದು ಕೇಳುವುದು? ಶಂಕರಪುರದಲ್ಲಿ ಮಲ್ಲಿಗೆಯನ್ನು ಅರ್ಧ ಕಟ್ಟಿ ಬಿಟ್ಟು ಏಳುವುದೆಂದರೆ ಅಡುಗೆಮನೆಗೆ ಬೆಂಕಿ ಬಿದ್ದಿರಬೇಕು. ನನಗಾಗಿ ಅಕ್ಕ ಎದ್ದಳು. ಕೈಯಲ್ಲಿದ್ದ, ಅರ್ಧ ಚೆಂಡಿನಷ್ಟು ಕಟ್ಟಿದ್ದ ಮಲ್ಲಿಗೆಯನ್ನು ಇಡಲೂ ಮರೆತು ರಿಕ್ಷಾ ಹತ್ತಿದಳು.

ಇತ್ತ ವಿನೋದಾ ಜಗಲಿಯಲ್ಲಿ ಗಡಿಯಾರ ನೋಡುತ್ತ ಕೂತಿದ್ದಾಳೆ. ಹೂವು ಹಿಡಿದು ಅಳುತ್ತ ರಿಕ್ಷಾದಿಂದಿಳಿದ ಅತ್ತಿಗೆಯನ್ನು ಕಂಡವಳೇ, ಕೆಟ್ಟ ಸುದ್ದಿ ತನಗಿಂತ ಮೊದಲು ಶಂಕರಪುರಕ್ಕೆ ತಲುಪಿದೆಯೆಂದು ತಿಳಿದು ಕುಸಿದಳು. “ಬೇಡ ಅಂತ ಹೇಳಿದ್ದೆ ಅಕ್ಕ, ಆ ಸೈಕಲ್ಲು ಬೇಡ ಅಂತ!” “ಸೈಕಲ್ಲಿನಿಂದ ಬಿದ್ದದ್ದಾ?” ಎಂದು ಅಕ್ಕ ಇನ್ನೂ ಜೋರಾಗಿ ಅತ್ತಳು. ಒಬ್ಬರ ಅಳುವೇ ಇನ್ನೊಬ್ಬರಿಗೆ ಪುರಾವೆಯಾಯಿತು. ಇಬ್ಬರೂ ಸರದಿಯಲ್ಲಿ ನನಗೆ ಫೋನು ಮಾಡಿದರು. ನನ್ನ ಬೆನ್ನು ಗುರುಗುಟ್ಟಿತು. ಬಾಬಣ್ಣ ಅಂಗಡಿಯ ಬಾಗಿಲೆಳೆದು, ತಮ್ಮ ಭಾವನನ್ನು ಕಾರಿನಲ್ಲಿ ಮಣಿಪಾಲಕ್ಕೆ ಅಟ್ಟಿದರು. ಆ ಕಾರು ಹೆದ್ದಾರಿಯಲ್ಲಿ ನನ್ನ ಎದುರಿನಿಂದಲೇ ಹೋಗಿರಬೇಕು. ನಾನು ಅದರ ನಟ್ಟುಗಳನ್ನು ನೋಡಿರಬೇಕು.

ಏಕೆಂದರೆ ನಾನು ಆಗಲೇ ಹಿಂದಿರುಗುತ್ತಿದ್ದೆ. ಇಂದ್ರಾಳಿಯ ಏರನ್ನು ಬ್ಯಾಟರಿ ಉಸಿರುಗಟ್ಟಿಕೊಂಡು ಹತ್ತಿತ್ತು. ಮಣಿಪಾಲದಲ್ಲಿ ಸೈಕಲ್ಲಿನ ಮೇಲೆಯೇ ಒರಗಿ ಒಂದು ಚಹಾ ಕುಡಿದೆ, ಏಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಎಷ್ಟು ಕಾಲವಾಗಿತ್ತು! ಇಳಿಜಾರಿನಲ್ಲಿ ರಾಜನಂತೆ ಒರಗಿ ಇಳಿದೆ. ರಸ್ತೆ ಬದಿಯಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬ ಬಾಯಿಬಿಟ್ಟು ನೋಡಿದ. ಮುಂದೆ ಅವನ ನೆನಪಿನಲ್ಲಿ ನನ್ನ ಸೈಕಲ್ಲು ಯಾವ ಬಣ್ಣದ್ದಾಗುತ್ತದೋ.

ಮನೆಯ ತಿರುವಿಗೆ ಬಂದಾಗ ನನಗೆ ಮೊದಲು ಕಂಡದ್ದು ಚಪ್ಪಲಿಗಳು. ನನ್ನ ಎತ್ತರಕ್ಕೆ ಕಾಣುವುದು ಅವೇ. ನಮ್ಮ ಮೆಟ್ಟಿಲ ಬುಡದಲ್ಲಿ ಮೂವತ್ತು ನಲವತ್ತು ಜೊತೆ, ಗಡಿಬಿಡಿಯಲ್ಲಿ ಬಿಟ್ಟ ಹಾಗೆ ಅಡ್ಡಾದಿಡ್ಡಿ. ಅಷ್ಟು ಚಪ್ಪಲಿಗಳು ಒಂದು ಮನೆಯ ಮುಂದೆ ಹಗಲು ಹೊತ್ತಿನಲ್ಲಿ ಏಕೆ ಇರುತ್ತವೆಂದು ಎಲ್ಲರಿಗೂ ಗೊತ್ತು. ಒಳಗಿನಿಂದ ಅಕ್ಕನ ಅಳು ಕೇಳಿಸಿತು. ಹೂವು ಬಿಟ್ಟು ಅಕ್ಕ ಇಲ್ಲಿ! ವಿನೋದಾಳ ಚಪ್ಪಲಿಗಾಗಿ ಹುಡುಕಿದೆ. ಅವು ಮಾತ್ರ ಯಾವಾಗಿನಂತೆ ಗೋಡೆಯ ಬದಿಯಲ್ಲಿ, ಒಪ್ಪವಾಗಿ ಇದ್ದವು. ಅವಳಿಗೆ ಏನೋ ಆಗಿದೆ. ನಾನು ಚಹಾ ಕುಡಿಯುತ್ತಿದ್ದಾಗ ಆಗಿದೆ. ಎದ್ದು ಓಡಬೇಕು, ಆದರೆ ತಟ್ಟನೆ ಎದ್ದರೆ ಬೀಳುತ್ತೇನೆ. ಎಣಿಸತೊಡಗಿದೆ. ಒಂದು, ಎರಡು. ಹನ್ನೆರಡಕ್ಕೆ ಬರುವಾಗ ಹಾರ್ನು ಒತ್ತಬಹುದೆಂದು ಹೊಳೆಯಿತು. ಒತ್ತಿದೆ. ಬಿಡಲು ಮರೆತೆ.

ಜನ ಹೊರಗೆ ಬಂದರು. ಗಿಳಿಯ ಬಾವುಟದಡಿ ಮಲಗಿ, ಬಾಯಲ್ಲಿ ಅಂಕಿ ಹೇಳುತ್ತಿರುವ ನನ್ನನ್ನು ಕಂಡು ಎಲ್ಲರೂ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. “ವಿನೋದಾ ಎಲ್ಲಿ?” ಎಂದು ಕೂಗಿದೆ. ಅವಳು ಗುಂಪನ್ನು ಸೀಳಿ ಬಂದಳು. ಮುಖವೆಲ್ಲ ಕಣ್ಣೀರು. ನನ್ನನ್ನು ನೋಡಿದಳು, ಗಡಿಯಾರ ನೋಡಿದಳು.

“ಒಂದು ಇಪ್ಪತ್ತು,” ಎಂದಳು. “ಕೈ ತೊಳ್ಕೊಳ್ಳಿ.”

ಸೈಕಲ್ಲು ಉಳಿಯಿತು. ಅಕ್ಕ ಬೈಯುತ್ತಲೇ ಅರ್ಧ ಚೆಂಡು ಮಲ್ಲಿಗೆಯನ್ನು ಅದರ ಹಿಡಿಕೆಗೆ ಸುತ್ತಿದಳು. ಬೆಳಿಗ್ಗೆ ಗೇಟಿನಲ್ಲಿ ಕಣ್ಣು ಒರೆಸಿಕೊಂಡದ್ದೇಕೆಂದು ಆಮೇಲೆ ಕೇಳಿದರೆ, ನೀರುಳ್ಳಿ ಕೊಚ್ಚುತ್ತಿದ್ದೆ ಎಂದಳು ವಿನೋದಾ. ಅವತ್ತಿನ ಊಟ ಸೌತೆಕಾಯಿ ಹುಳಿ ಮತ್ತು ಹಪ್ಪಳ. ಇದು ದಿನಚರಿಯಲ್ಲಿದೆ, ನೀರುಳ್ಳಿ ಎಲ್ಲಿಯೂ ಇಲ್ಲ.

ಈಗ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆ. ತೊಂದರೆ ಒಂದೇ. ಮಣಿಪಾಲಕ್ಕೆ ಹೋದ ಸುದ್ದಿ ತಲುಪಿದ ಕಡೆಗೆಲ್ಲ ಸೈಕಲ್ಲಿನ ಸುದ್ದಿ ತಲುಪಲಿಲ್ಲ. ದಾರಿಯಲ್ಲಿ ಕಂಡವರು ನನ್ನ ಮೇಲೆ ಬಾಗಿ, “ಈಗ ಹೇಗುಂಟು?” ಎನ್ನುತ್ತಾರೆ. ಮೊದಮೊದಲು ಪೂರ್ತಿ ಕತೆ ಹೇಳುತ್ತಿದ್ದೆ. ಅವರು ಕೇಳಿ, ಪಾಪ, ತಲೆಗೆ ಪೆಟ್ಟಾಗಿದೆ ಎಂಬಂತೆ ನೋಡುತ್ತಿದ್ದರು. ಈಗ “ಪರವಾಗಿಲ್ಲ, ಸುಧಾರಿಸ್ತಾ ಉಂಟು” ಎಂದು ಮುಗಿಸುತ್ತೇನೆ. ದಿನಚರಿಯಲ್ಲಿಯೂ ಆ ದಿನಕ್ಕೆ ಒಂದೇ ಸಾಲಿದೆ: ‘ಮಲಗಿಕೊಂಡು ಮಣಿಪಾಲಕ್ಕೆ ಹೋಗಿ, ಕ್ಷೇಮವಾಗಿ ಬಂದೆ.’ ಮೊನ್ನೆ ಅದನ್ನು ಓದುತ್ತಿದ್ದಾಗ ವಾರ್ಡಿನ ಫ್ಯಾನು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ನೀಲಿ ಬಣ್ಣದ ಫ್ಯಾನು. ಸ್ವಲ್ಪ ಕಿರುಗುಟ್ಟುತ್ತಿತ್ತು.